ವರ್ಷಕ್ಕೆ 6 ಲಕ್ಷ ಕೊಡುತ್ತಾರಂತೆ, ಆಯ್ಕೆ ಸಮಿತಿಯಲ್ಲಿ ಒಂದು ಕುರ್ಚಿ ಬೇಕಂತೆ. ಒಪ್ಪಬೇಕಾ?

ನೂಲು_ಸೂಜಿ, ಸುಂಕದಕಟ್ಟೆ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಮುಂದಿನ ಶನಿವಾರ ಸಂಜೆ ನಮ್ಮ ಸಂಘದ ಸಭೆ ಇದೆ. ಅಷ್ಟರಲ್ಲಿ ನಾನು ಒಂದು ನಿರ್ಧಾರಕ್ಕೆ ಬರಬೇಕು.

ನಾನು ಸುಂಕದಕಟ್ಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು 400 ಮೀಟರ್ ಓಡುತ್ತಾಳೆ, ಅಂಡರ್-16. ಅವಳ ಕ್ಲಬ್ಬಿಗೆ ನಾನೇ ಖಜಾಂಚಿ. ಕ್ಲಬ್ ಅಂದರೆ ದೊಡ್ಡದೇನಲ್ಲ. ನಲವತ್ತರ ಆಸುಪಾಸು ಮಕ್ಕಳು, ಇಬ್ಬರು ಕೋಚ್‌ಗಳು, ರಿಜಿಸ್ಟರ್ ಆದ ಒಂದು ಸಂಘ. ಹೆಚ್ಚಿನ ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸಿಗೆ ಹೋಗುವವರು. ಅಪ್ಪಂದಿರು ಆಟೋ, ಕಾರ್ಪೆಂಟರ್ ಕೆಲಸ, ಹೀಗೆ. ವಾರವೆಲ್ಲ ಮಣ್ಣಿನ ಮೈದಾನದಲ್ಲಿ ಪ್ರಾಕ್ಟೀಸ್, ಭಾನುವಾರ ಬಸ್ಸಿನಲ್ಲಿ ಕಂಠೀರವಕ್ಕೆ. ಎಲ್ಲರ ಹತ್ತಿರ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಶೂ) ಇಲ್ಲ. ಒಬ್ಬಳು ಹೀಟ್ಸ್ (ಮೊದಲ ಸುತ್ತು) ಮುಗಿಸಿ ಬಂದ ತಕ್ಷಣ ಅವಳ ಸ್ಪೈಕ್ಸ್ ಬಿಚ್ಚಿಸಿ, ತುದಿಗೆ ಕಾಗದ ತುರುಕಿ, ಇನ್ನೊಬ್ಬಳು ಹಾಕಿಕೊಂಡು ಓಡುತ್ತಾಳೆ. ಉಡುಪಿ, ಮೂಡಬಿದಿರೆ, ಮೈಸೂರು ಕಡೆ ಮೀಟ್ ಇದ್ದರೆ ಯಾರನ್ನು ಕಳಿಸುವುದು, ಯಾರನ್ನು ಬಿಡುವುದು ಅನ್ನುವುದನ್ನು ನಮ್ಮಲ್ಲಿ ಬಸ್ ಚಾರ್ಜೇ ತೀರ್ಮಾನ ಮಾಡುತ್ತದೆ.

ಈಗ ನಮ್ಮ ಕಡೆಯ ಒಂದು ಕಂಪನಿ (ಹೆಸರು ಬೇಡ, ಕಟ್ಟಡ ಸಾಮಗ್ರಿ ಮಾಡುವವರು) ವರ್ಷಕ್ಕೆ 6 ಲಕ್ಷದಂತೆ ಮೂರು ವರ್ಷ ಕೊಡುತ್ತೇವೆ ಅಂತ ಮುಂದೆ ಬಂದಿದೆ. ನಮ್ಮ ಈಗಿನ ವರ್ಷದ ಖರ್ಚು ಅದರ ಕಾಲುಭಾಗವೂ ಇಲ್ಲ. ಅವರು ಕಳಿಸಿದ ಪತ್ರದಲ್ಲಿ ಇರುವುದು ಇಷ್ಟು. ಕ್ಲಬ್ಬಿನ ಹೆಸರಿನ ಮುಂದೆ ಕಂಪನಿ ಹೆಸರು ಸೇರಬೇಕು. ಜೆರ್ಸಿ, ಟ್ರ್ಯಾಕ್‌ಸೂಟ್ ಮೇಲೆ ಅವರ ಲೋಗೊ ಇರಬೇಕು. ಮಕ್ಕಳ ಫೋಟೊ, ವಿಡಿಯೊ ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಬಳಸಬಹುದು. ನಾವು ಬೇರೆ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಬಾರದು. ಪ್ರತಿ ವರ್ಷ ಹತ್ತು ಮಕ್ಕಳಿಗೆ ತಿಂಗಳ ಸ್ಟೈಪೆಂಡ್. ಆ ಹತ್ತು ಜನರನ್ನು ಆರಿಸುವ ಸಮಿತಿಯಲ್ಲಿ ಕಂಪನಿಯ ಒಬ್ಬರು ಕೂರುತ್ತಾರೆ, ಅವರ ಮಾತೇ ಕೊನೆ.

ಆ ಒಬ್ಬರು ಯಾರು ಅಂತಲೂ ಹೇಳಿದ್ದಾರೆ. ಅಲ್ಲಿನ ಮ್ಯಾನೇಜರ್. ಅವರ ಮಗ ನಮ್ಮಲ್ಲೇ 100 ಮೀಟರ್ ಓಡುತ್ತಾನೆ. ಹುಡುಗ ಒಳ್ಳೆಯವನು, ಚೆನ್ನಾಗಿಯೂ ಓಡುತ್ತಾನೆ. ಅವನ ಬಗ್ಗೆ ನನ್ನದು ಒಂದು ಮಾತೂ ಇಲ್ಲ.

ಹೆಸರು, ಲೋಗೊ ಬಗ್ಗೆ ನನಗೆ ತಕರಾರಿಲ್ಲ. ಕುರ್ಚಿಯ ಬಗ್ಗೆ ಇದೆ. ನಮ್ಮ ಅಧ್ಯಕ್ಷರು "ದುಡ್ಡು ಕೊಡುವವರು ಒಂದು ಮಾತು ಹೇಳೋದು ಬೇಡ್ವಾ?" ಅನ್ನುತ್ತಾರೆ. ಹಿರಿಯ ಕೋಚ್ "ಹಾಗಾದರೆ ನಾನು ಬರಲ್ಲ" ಅಂತ ಹೇಳಿ ಹೋಗಿದ್ದಾರೆ. ಅಥ್ಲೆಟಿಕ್ಸಿನಲ್ಲಿ ದೊಡ್ಡ ಮಟ್ಟದಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಾರೆ? ಸ್ಪಾನ್ಸರ್‌ಗೆ ಏನು ಕೊಡಬಹುದು, ಏನು ಕೊಡಬಾರದು? ಗೊತ್ತಿರುವವರು ಹೇಳಿ.

ಕಾಮಾಕ್ಷಿಪಾಳ್ಯ_ಅಪ್ಪ

ತಗೊಳ್ಳಿ ಮೇಡಂ. ನನ್ನ ಮಗ ಬೇರೆ ಕ್ಲಬ್ಬಿನಲ್ಲಿ ಲಾಂಗ್ ಜಂಪ್ ಮಾಡುತ್ತಾನೆ. ಎರಡು ವರ್ಷ ಯಾರಾದರೂ ಬರುತ್ತಾರಾ ಅಂತ ಕಾದೆವು, ಯಾರೂ ಬರಲಿಲ್ಲ. ಕೋಚ್ ತಮ್ಮ ಜೇಬಿನಿಂದ ಮೊಟ್ಟೆ, ಬಾಳೆಹಣ್ಣು ಕೊಡಿಸುತ್ತಿದ್ದಾರೆ. ಕುರ್ಚಿ ಬಗ್ಗೆ ಆಮೇಲೆ ಮಾತಾಡಬಹುದು. ಮೊದಲು ಮಕ್ಕಳ ಕಾಲಿಗೆ ಸ್ಪೈಕ್ಸ್ ಬರಲಿ. ಈ ಕಂಪನಿ ವಾಪಸ್ ಹೋದರೆ ಇನ್ನೊಂದು ಬರುತ್ತೆ ಅಂತ ಯಾರು ಹೇಳುತ್ತಾರೆ?

ಪಿಟ್_ಟೇಪು

ಮೇಡಂ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ಹುಡುಗನಾಗಿದ್ದಾಗ 800 ಓಡುತ್ತಿದ್ದೆ. ಕೆಲಸ ಸಿಕ್ಕಿದ್ದೇ ಸ್ಪೋರ್ಟ್ಸ್ ಕೋಟಾದಲ್ಲಿ. ಆಮೇಲೆ ಟೆಕ್ನಿಕಲ್ ಅಫಿಶಿಯಲ್ ಆಗಿ ಎಷ್ಟೋ ಮೀಟ್‌ಗಳಲ್ಲಿ ಲಾಂಗ್ ಜಂಪ್ ಪಿಟ್ ಪಕ್ಕ ಟೇಪ್ ಹಿಡಿದು ನಿಂತಿದ್ದೇನೆ. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೇಲೆ ಬರೆದ ಸಹೋದರರ ಕಷ್ಟ ನನಗೆ ಅರ್ಥವಾಗುತ್ತದೆ. ದುಡ್ಡು ಬೇಡ ಅನ್ನಬೇಡಿ. ಆದರೆ ಕುರ್ಚಿಯ ಮಾತನ್ನು ಆಮೇಲೆ ಅಂತ ಮುಂದಕ್ಕೆ ಹಾಕಿದರೆ ಅದು ಯಾವತ್ತೂ ಬರುವುದಿಲ್ಲ. ಮೊದಲ ಚೆಕ್ ಖರ್ಚಾದ ಮೇಲೆ "ಈ ಷರತ್ತು ತೆಗೆಯಿರಿ" ಅಂತ ಕೇಳುವ ಶಕ್ತಿ ನಿಮಗೆ ಇರುವುದಿಲ್ಲ. ಈಗ ಇದೆ, ಯಾಕೆಂದರೆ ಅವರಿಗೂ ನಿಮ್ಮ ಮಕ್ಕಳು ಬೇಕು.

ನಮ್ಮ ಕಾಲದಲ್ಲಿ ಸ್ಪಾನ್ಸರ್ ಅಂದರೆ ನೌಕರಿ. ರೈಲ್ವೆ, ಪೊಲೀಸ್, ಬ್ಯಾಂಕು, ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು ಓಡುವವರಿಗೆ ಕೆಲಸ ಕೊಟ್ಟು, ಪ್ರಾಕ್ಟೀಸಿಗೆ ಬೇಗ ಬಿಡುತ್ತಿದ್ದವು. ಅವರ ಬನಿಯನ್ ಹಾಕಿಕೊಂಡು ಓಡುತ್ತಿದ್ದೆವು. ಅಷ್ಟು ಮಾಡಿದರೂ ರಾಜ್ಯ ತಂಡಕ್ಕೆ ಯಾರು ಅಂತ ನಮ್ಮ ಮ್ಯಾನೇಜರ್ ಹೇಳುವ ಹಾಗಿರಲಿಲ್ಲ. ಟ್ರಯಲ್ಸಿನಲ್ಲಿ ಗಡಿಯಾರ ಹೇಳುತ್ತಿತ್ತು. ಅಥ್ಲೆಟಿಕ್ಸಿನ ದೊಡ್ಡತನವೇ ಅದು. ಇಲ್ಲಿ ಸೆಕೆಂಡು, ಸೆಂಟಿಮೀಟರು ಇದೆ. ಬಡವರ ಮನೆ ಮಗು ನಂಬಿ ಬರುವುದೇ ಅದಕ್ಕೆ. ಅದರ ಮೇಲೆ ಒಬ್ಬರ ಮಾತೇ ಕೊನೆ ಅಂತ ತಂದು ಕೂರಿಸಿದರೆ ಆ ನಂಬಿಕೆ ಹೋಗುತ್ತದೆ.

ದೊಡ್ಡ ಮಟ್ಟದಲ್ಲಿ ಹೇಗೆ ಅಂತ ಕೇಳಿದ್ದೀರಿ. 2025ರ ಜುಲೈ 5ರಂದು ನಮ್ಮ ಕಂಠೀರವದಲ್ಲೇ ನೀರಜ್ ಚೋಪ್ರಾ ಕ್ಲಾಸಿಕ್ ನಡೆಯಿತು. ನೀರಜ್ ಜೊತೆ ಜೆಎಸ್‌ಡಬ್ಲ್ಯೂ ಸ್ಪೋರ್ಟ್ಸ್ ಸೇರಿ ಮಾಡಿದ ಜಾವೆಲಿನ್ ಕೂಟ ಅದು. ಆಗ ಅವರನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯೂ ಅದೇ. ಕೂಟಕ್ಕೆ ಅವರದೇ ಹೆಸರು, ಎಸೆದವರಲ್ಲಿ ಅವರೂ ಒಬ್ಬರು. ಇಷ್ಟು ಹತ್ತಿರದ ಸಂಬಂಧ ಇದ್ದರೂ ನೀರಜ್ ಗೆಲುವಿನ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. ಯಾಕೆ? ಮನ್ನಣೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯದು (ವರ್ಲ್ಡ್ ಅಥ್ಲೆಟಿಕ್ಸ್), ನಿಯಮಗಳು ಅವರವು, ಎಸೆತ ಅಳೆದವರು ಅಧಿಕಾರಿಗಳು. 86.18 ಮೀಟರ್ ಅಂದರೆ 86.18. ಕೀನ್ಯಾದ ಜೂಲಿಯಸ್ ಯೆಗೊ 84.51 ಎಸೆದು ಎರಡನೆಯವರಾದರು. ದುಡ್ಡು ಹಾಕಿದವರಿಗೆ ಬೋರ್ಡು ಸಿಕ್ಕಿತು, ಟಿವಿ ಸಿಕ್ಕಿತು, ತುಂಬಿದ ಸ್ಟೇಡಿಯಂ ಸಿಕ್ಕಿತು. ಟೇಪು ಅವರ ಕೈಯಲ್ಲಿ ಇರಲಿಲ್ಲ. ನೀವು ಕಾಪಾಡಬೇಕಾದದ್ದು ಇದೊಂದನ್ನೇ.

ಇದು ತಪ್ಪಿದ ಕಡೆ ಏನಾಯಿತು ಅಂತಲೂ ಹೇಳುತ್ತೇನೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಗೆ ಆಗ ಐಎಎಎಫ್ ಅಂತ ಹೆಸರು. ಲಮೀನ್ ಡಿಯಾಕ್ 1999ರಿಂದ 2015ರವರೆಗೆ ಅದರ ಅಧ್ಯಕ್ಷ. ಡೋಪಿಂಗ್‌ನಲ್ಲಿ (ನಿಷೇಧಿತ ಮದ್ದು ತೆಗೆದುಕೊಂಡು) ಸಿಕ್ಕಿಬಿದ್ದ ರಷ್ಯಾದ ಅಥ್ಲೀಟ್‌ಗಳ ಪ್ರಕರಣಗಳನ್ನು ದುಡ್ಡು ತೆಗೆದುಕೊಂಡು ತಡೆಹಿಡಿದ ಆರೋಪ ಬಂತು. 2020ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಕೋರ್ಟು ತಪ್ಪಿತಸ್ಥ ಅಂತ ಹೇಳಿ ಶಿಕ್ಷೆ ಕೊಟ್ಟಿತು. ಅದಕ್ಕೂ ಮೊದಲೇ ಸ್ಪಾನ್ಸರ್‌ಗಳು ಕಾಲು ತೆಗೆದಿದ್ದರು. 2019ರವರೆಗೆ ಇರಬೇಕಾಗಿದ್ದ ಅಡಿಡಾಸ್ ಒಪ್ಪಂದ ಮುರಿದುಬಿದ್ದ ಸುದ್ದಿ 2016ರ ಜನವರಿಯಲ್ಲಿ ಬಂತು. ಮರು ತಿಂಗಳು ನೆಸ್ಲೆ ಹಿಂದೆ ಸರಿಯಿತು. ನೆಸ್ಲೆ ದುಡ್ಡು ಕೊಡುತ್ತಿದ್ದದ್ದು ಮಕ್ಕಳ ಅಥ್ಲೆಟಿಕ್ಸ್ ಕಾರ್ಯಕ್ರಮಕ್ಕೆ. ಮೇಲೆ ಕೂತವರು ಮಾಡಿದ್ದಕ್ಕೆ ಕೆಳಗಿನ ಮಕ್ಕಳ ದುಡ್ಡು ಹೋಯಿತು. ಆಡಳಿತ ಅನ್ನುವುದು ಮೀಟಿಂಗ್ ಮಾಡುವವರ ತಲೆನೋವು ಅಂತ ನಮ್ಮ ಎಷ್ಟೋ ಕೋಚ್‌ಗಳು ತಿಳಿದಿದ್ದಾರೆ. ಖಂಡಿತ ಅಲ್ಲ.

ನಿಮ್ಮ ಮ್ಯಾನೇಜರ್ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಡಿಯಾಕ್ ಆದ ಮೇಲೆ 2015ರ ಆಗಸ್ಟಿನಲ್ಲಿ ಬ್ರಿಟನ್ನಿನ ಹಳೆಯ ಓಟಗಾರ ಸೆಬಾಸ್ಟಿಯನ್ ಕೋ ಅಧ್ಯಕ್ಷರಾದರು. ನಾನು 800 ಓಡುತ್ತಿದ್ದಾಗ ಅವರೇ ನನ್ನ ಹೀರೋ, ಈಗಲೂ ಗೌರವ ಇದೆ. ಅವರು ನೈಕಿ ಕಂಪನಿಯ ರಾಯಭಾರಿಯೂ ಆಗಿದ್ದರು. ನೈಕಿ ಬೇರು ಬಿಟ್ಟಿರುವ ಅಮೆರಿಕದ ಯೂಜೀನ್ ಊರಿಗೆ ಆ ವರ್ಷದ ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಸಿಕ್ಕಿತ್ತು, ಅದೂ ಬಿಡ್ಡಿಂಗ್ ಇಲ್ಲದೆ. ಪ್ರಶ್ನೆಗಳು ಎದ್ದವು. ಕೋ ತಪ್ಪು ಮಾಡಿಲ್ಲ ಅಂತಲೇ ಹೇಳಿದರು, ಆದರೂ ನವೆಂಬರಿನಲ್ಲಿ ನೈಕಿಯ ಸ್ಥಾನ ಬಿಟ್ಟರು. ಬಿಡಲೇಬೇಕಾಯಿತು. ಎರಡೂ ಕಡೆ ಕೂತವರು ಎಷ್ಟೇ ಪ್ರಾಮಾಣಿಕರಾದರೂ ನೋಡುವವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ನಿಮ್ಮ ಮ್ಯಾನೇಜರ್ ನಾಳೆ ತುಂಬಾ ನ್ಯಾಯವಾಗಿ ಮಗನ ಹೆಸರು ಬರೆದರೂ ಹನ್ನೊಂದನೆಯ ಮಗುವಿನ ಅಮ್ಮ ನಂಬುವುದಿಲ್ಲ. ಆ ಹುಡುಗನಿಗೂ ಅದು ಅನ್ಯಾಯ. ತನ್ನ ಕಾಲಿನ ಬಲದಿಂದ ಬಂದದ್ದನ್ನು ಅಪ್ಪ ಕೊಡಿಸಿದ್ದು ಅಂತ ಊರೆಲ್ಲ ಹೇಳಿದರೆ ಅವನು ಎಲ್ಲಿಗೆ ಹೋಗಬೇಕು?

ಆಮೇಲೆ ಐಎಎಎಫ್ ಏನು ಮಾಡಿತು ನೋಡಿ. 2016ರ ಡಿಸೆಂಬರಿನಲ್ಲಿ ನಿಯಮಾವಳಿಯನ್ನೇ ಬದಲಿಸಿದರು. 2017ರಲ್ಲಿ ಡೋಪಿಂಗ್, ಭ್ರಷ್ಟಾಚಾರದ ತನಿಖೆಯನ್ನು ಅಥ್ಲೆಟಿಕ್ಸ್ ಇಂಟೆಗ್ರಿಟಿ ಯೂನಿಟ್ ಅಂತ ಪ್ರತ್ಯೇಕ ಘಟಕಕ್ಕೆ ಕೊಟ್ಟರು. ಅಧ್ಯಕ್ಷರ ಕೈಯಿಂದ ಅದನ್ನು ದೂರ ಇಟ್ಟದ್ದೇ ಮುಖ್ಯ ವಿಷಯ. ನಮ್ಮಲ್ಲೂ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. ರಾಷ್ಟ್ರೀಯ ಫೆಡರೇಶನ್ನಿನ ಕಾರ್ಯಕಾರಿ ಸಮಿತಿಯಲ್ಲಿ 15 ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಅದರಲ್ಲಿ ಕನಿಷ್ಠ 4 ಮಹಿಳೆಯರು, ಕನಿಷ್ಠ 2 ಸಾಧಕ ಕ್ರೀಡಾಪಟುಗಳು ಇರಬೇಕು. ಕ್ರೀಡಾಪಟುಗಳದೇ ಒಂದು ಸಮಿತಿಯೂ ಇರಬೇಕು. ನಿಮ್ಮ ಕ್ಲಬ್ಬಿಗೆ ಅದು ಕಡ್ಡಾಯವಲ್ಲ. ಆದರೂ ಆಯ್ಕೆ ಸಮಿತಿಯಲ್ಲಿ ಕ್ಲಬ್ಬಿನಲ್ಲಿ ಹಿಂದೆ ಓಡುತ್ತಿದ್ದ ಒಬ್ಬ ಹುಡುಗಿಯನ್ನು ಸೇರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಹತ್ತು ಮಕ್ಕಳನ್ನು ಆರಿಸುವ ಬಗೆಯನ್ನು ಕಾಗದದ ಮೇಲೆ ಬರೆದು ಮೈದಾನದಲ್ಲಿ ಅಂಟಿಸಿ. ಎಷ್ಟು ಅಂಕ ಸಾಧನೆಗೆ, ಎಷ್ಟು ಹಾಜರಿಗೆ, ಎಷ್ಟು ಮನೆಯ ಪರಿಸ್ಥಿತಿಗೆ ಅಂತ. ಸಾಧನೆಗೆ ಅಧಿಕೃತ ಮೀಟ್‌ನ ಎಲೆಕ್ಟ್ರಾನಿಕ್ ಟೈಮ್ ಮಾತ್ರ ತೆಗೆದುಕೊಳ್ಳಿ. ಸ್ಟಾಪ್‌ವಾಚಿನ ಕೈ ಟೈಮನ್ನು ಅದರ ಪಕ್ಕ ಹಾಗೇ ಇಡಬೇಡಿ. 100 ಮೀಟರಿಗೆ ಕೈ ಟೈಮ್ ಸುಮಾರು 0.24 ಸೆಕೆಂಡು ಕಡಿಮೆ ತೋರಿಸುತ್ತೆ ಅಂತಲೇ ಲೆಕ್ಕ. 400ಕ್ಕೆ 0.14. ಒಬ್ಬನದು ಕೈ ಟೈಮ್, ಇನ್ನೊಬ್ಬನದು ಎಲೆಕ್ಟ್ರಾನಿಕ್ ಇಟ್ಟು ಪಟ್ಟಿ ಮಾಡಿದರೆ ಅಲ್ಲೇ ಮೋಸ ಆಗಿಹೋಗುತ್ತೆ. ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜಾಸ್ತಿ ಬೆನ್ನಿಗೆ ಬೀಸಿದ ಓಟವನ್ನೂ ಬೇರೆ ಇಡಿ. ಇಷ್ಟು ಬರೆದಿಟ್ಟರೆ ಕಂಪನಿಯವರು ಬಂದು ನೋಡಲಿ, ಲೆಕ್ಕ ಕೇಳಲಿ, ಸಂತೋಷ. ಅವರಿಗೆ ತಿಳಿಯುವ ಹಕ್ಕು ಇದೆ. ಆರಿಸುವ ಹಕ್ಕು ಇಲ್ಲ.

ಲೆಕ್ಕ_ಬಸವನಗುಡಿ

ಪಿಟ್_ಟೇಪು ಸರ್ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಸಿಎ. ಟ್ರಸ್ಟ್, ಸಂಘಗಳ ಲೆಕ್ಕ ನೋಡುತ್ತೇನೆ.

ಮೇಡಂ, ಮೊದಲು ಒಂದು ಪ್ರಶ್ನೆ ಕೇಳಿ: ಈ 6 ಲಕ್ಷ ಕಂಪನಿಯ ಯಾವ ಜೇಬಿನಿಂದ ಬರುತ್ತಿದೆ? ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ) ದುಡ್ಡಾ, ಜಾಹೀರಾತಿನ ದುಡ್ಡಾ?

ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2 ಶೇಕಡಾ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಅದರ ಪಟ್ಟಿಯಲ್ಲಿದೆ. ಆದ್ದರಿಂದ ನಿಮ್ಮ ಕ್ಲಬ್ಬಿಗೆ ಕೊಡಬಹುದು. ಆದರೆ 2021ರ ಜನವರಿಯ ತಿದ್ದುಪಡಿಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ತಮ್ಮ ಸರಕಿಗೆ ಮಾರುಕಟ್ಟೆ ಲಾಭ ಸಿಗಲಿ ಅಂತ ಸ್ಪಾನ್ಸರ್ ಮಾಡಿದರೆ ಅದು ಸಿಎಸ್‌ಆರ್ ಅಲ್ಲ. ಮ್ಯಾರಥಾನ್ ಥರದ ಒಂದೇ ಸಲದ ಕಾರ್ಯಕ್ರಮಗಳು ಲೆಕ್ಕಕ್ಕೆ ಬರುವುದಿಲ್ಲ ಅಂತ 2014ರಲ್ಲೇ ಸುತ್ತೋಲೆ ಇದೆ.

ಅಂದರೆ ಸಿಎಸ್‌ಆರ್‌ನಲ್ಲಿ ತೋರಿಸಿಕೊಂಡು, ಜೊತೆಗೆ ಹೆಸರು, ಲೋಗೊ, ಮಕ್ಕಳ ಫೋಟೊ ಹಾಕಿ ಜಾಹೀರಾತು ಮಾಡುತ್ತೇವೆ ಅಂದರೆ ಆಗುವುದಿಲ್ಲ. ಎರಡರಲ್ಲಿ ಒಂದು ಆರಿಸಿಕೊಳ್ಳಲಿ. ಇದನ್ನು ಮೆತ್ತಗೆ ಕೇಳಿದರೆ ಸಾಕು, ಅರ್ಧ ಷರತ್ತುಗಳು ಅವರಾಗಿಯೇ ತೆಗೆಯುತ್ತಾರೆ.

ಸಿಎಸ್‌ಆರ್ ಆದರೆ ನಿಮ್ಮ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, ಸಿಎಸ್‌ಆರ್-1 ಫಾರ್ಮ್ ಹಾಕಿ ನಂಬರ್ ಪಡೆದಿರಬೇಕು. ಇಲ್ಲದಿದ್ದರೆ ಗಾಬರಿ ಬೇಡ. ಕಂಪನಿಯೇ ನೇರವಾಗಿ ಮಾಡಬಹುದು: ಸ್ಪೈಕ್ಸ್ ಕೊಡಿಸುವುದು, ಹರ್ಡಲ್ಸ್ ತರಿಸುವುದು, ಪ್ರಯಾಣದ ಖರ್ಚು ಕೊಡುವುದು. ದುಡ್ಡು ನಿಮ್ಮ ಖಾತೆಗೆ ಬರಲೇಬೇಕು ಅಂತಿಲ್ಲ.

ಜಾಹೀರಾತಿನ ದುಡ್ಡಾದರೆ ಜಿಎಸ್‌ಟಿ, ಟಿಡಿಎಸ್ ಬರುತ್ತವೆ. ಜಿಎಸ್‌ಟಿ ಎಷ್ಟೇ ಬಂದರೂ ಅದು ಕಂಪನಿಯ ಹೊಣೆ, ಸಂಘಕ್ಕೆ ಒಪ್ಪಿದ 6 ಲಕ್ಷದಲ್ಲಿ ಅದನ್ನು ಕಳೆಯುವ ಹಾಗಿಲ್ಲ ಅಂತ ಬರೆಸಿ. ಕಂತುಗಳನ್ನು ವರ್ಷದ ಮೊದಲೇ ಕೇಳಿ. ಅಮೆರಿಕದ ಹಳೆಯ ಒಲಿಂಪಿಕ್ ಓಟಗಾರ ಮೈಕಲ್ ಜಾನ್ಸನ್ 2025ರಲ್ಲಿ ಗ್ರ್ಯಾಂಡ್ ಸ್ಲಾಮ್ ಟ್ರ್ಯಾಕ್ ಅಂತ ಲೀಗ್ ಶುರು ಮಾಡಿದರು. ಗೆದ್ದವರಿಗೆ 1 ಲಕ್ಷ ಡಾಲರ್ ಅಂದರು. ನಂಬಿದ ಹೂಡಿಕೆ ಬರಲಿಲ್ಲ, ಲಾಸ್ ಏಂಜಲೀಸ್‌ನ ಕೊನೆಯ ಕೂಟ ರದ್ದಾಯಿತು, ಓಡಿದವರು ತಿಂಗಳುಗಟ್ಟಲೆ ಬಹುಮಾನದ ದುಡ್ಡಿಗೆ ಕಾದರು. ಅಂಥ ದೊಡ್ಡ ಹೆಸರಿನವರಿಗೇ ಹೀಗಾದರೆ ನಾವು ಹುಷಾರಾಗಿರಬೇಕು ಅಲ್ವಾ?

ಇನ್ನೊಂದು. ಬೇರೆ ಯಾರ ಹತ್ತಿರವೂ ತೆಗೆದುಕೊಳ್ಳಬಾರದು ಅನ್ನುವುದನ್ನು ಅವರದೇ ಥರದ ಸರಕು ಮಾರುವವರಿಗೆ ಮಾತ್ರ ಸೀಮಿತ ಮಾಡಿ. ಸಿಮೆಂಟಿನವರು ಇದ್ದಾರೆ ಅಂತ ಬೇಕರಿಯವರು ಕೊಡುವ ಹಾಲು, ಬನ್ನು ಬಿಡುವುದು ಯಾವ ನ್ಯಾಯ?

ಮೂರು_ಹೆಜ್ಜೆ_ಹರ್ಡಲ್ಸ್

ಅಕ್ಕಾ, ನಾನು 100 ಹರ್ಡಲ್ಸ್ ಓಡುತ್ತಿದ್ದೆ, ಈಗ ಯಲಹಂಕದ ಕಡೆ ಪಿಟಿ ಟೀಚರ್. ಒಬ್ಬ ಸ್ಪಾನ್ಸರ್ ನನಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತಿದ್ದರು. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಹರಿದ ತಿಂಗಳೇ ನಿಲ್ಲಿಸಿಬಿಟ್ಟರು. ಒಪ್ಪಂದದಲ್ಲಿ ಹಾಗೇ ಇತ್ತು, ಸ್ಪರ್ಧಿಸದಿದ್ದರೆ ದುಡ್ಡಿಲ್ಲ ಅಂತ. ಫಿಸಿಯೋಗೆ ದುಡ್ಡು ಬೇಕಾಗಿದ್ದೇ ಆವಾಗ. ಸ್ಟೈಪೆಂಡ್ ಷರತ್ತಿನಲ್ಲಿ ಗಾಯವಾದರೂ ಆ ವರ್ಷ ಪೂರ್ತಿ ಕೊಡಬೇಕು ಅಂತ ದಯವಿಟ್ಟು ಸೇರಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಕೇಳಲು ಹಿಂಜರಿಯಬೇಡಿ. ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಓಟಗಾರ್ತಿ ಆಲಿಸನ್ ಫೆಲಿಕ್ಸ್ ಅಂಥವರಿಗೇ ನೈಕಿ, ತಾಯಿಯಾಗುವ ಹೊತ್ತಿನ ಹೊಸ ಒಪ್ಪಂದದ ಮಾತುಕತೆಯಲ್ಲಿ ಹಿಂದಿನದಕ್ಕಿಂತ 70 ಶೇಕಡಾ ಕಡಿಮೆ ಕೊಡುತ್ತೇವೆ ಅಂದಿತ್ತು. 2019ರಲ್ಲಿ ಅವರು, ಅಲಿಸಿಯಾ ಮೊಂಟಾನೊ ಎಲ್ಲ ಧೈರ್ಯವಾಗಿ ಮಾತಾಡಿದರು. ಅದೇ ವರ್ಷ ನೈಕಿ ನಿಯಮ ಬದಲಿಸಿ, ಗರ್ಭಿಣಿಯಾದರೆ 18 ತಿಂಗಳು ದುಡ್ಡು ಕಡಿತ ಮಾಡುವುದಿಲ್ಲ ಅಂತ ಒಪ್ಪಂದಕ್ಕೆ ಸೇರಿಸಿತು. ಕೇಳಿದ್ದಕ್ಕೇ ಸಿಕ್ಕಿದ್ದು.

ಫೋಟೊ ವಿಷಯ. ನಿಮ್ಮ ಮಕ್ಕಳು ಮೈನರ್, ಅವರು ಸಹಿ ಹಾಕಿದರೆ ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಅಪ್ಪ ಅಮ್ಮನ ಸಹಿ ಬೇಕು, ಬೇಡ ಅನ್ನುವ ಅವಕಾಶವೂ ಇರಬೇಕು. ಒಪ್ಪಂದ ಮುಗಿದ ಮೇಲೆ ಬಳಸಬಾರದು. ಓಡುವ ಹುಡುಗಿಯರ ಫೋಟೊ ಹೇಗೆ, ಎಲ್ಲಿ ಹಾಕುತ್ತಾರೆ ಅನ್ನುವುದನ್ನು ಮೊದಲೇ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಲಿ. ಇದರಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ ಅಕ್ಕಾ.

ರಾಜ್ಯದ ಪರವಾಗಿ ಓಡುವಾಗ ರಾಜ್ಯದ ಜೆರ್ಸಿಯೇ ಹಾಕಬೇಕು. ಅದನ್ನೂ ಕಂಪನಿಗೆ ಈಗಲೇ ಹೇಳಿಬಿಡಿ. ಅಮೆರಿಕದ 800 ಓಟಗಾರ ನಿಕ್ ಸಿಮಂಡ್ಸ್‌ಗೆ ಬ್ರೂಕ್ಸ್ ಶೂ ಕಂಪನಿ ಸ್ಪಾನ್ಸರ್, ಅವರ ಫೆಡರೇಶನ್ನಿಗೆ ನೈಕಿ. ತಂಡದ ಬಟ್ಟೆ ಯಾವಾಗೆಲ್ಲ ಹಾಕಬೇಕು ಅನ್ನುವ ಜಗಳದಲ್ಲಿ ಸಹಿ ಹಾಕದೆ 2015ರ ವಿಶ್ವ ಚಾಂಪಿಯನ್‌ಶಿಪ್ಪೇ ತಪ್ಪಿಹೋಯಿತು. ನಮ್ಮ ಮಕ್ಕಳು ಎರಡು ಲೋಗೊಗಳ ಮಧ್ಯೆ ಸಿಕ್ಕಿಬೀಳಬಾರದು.

ನೂಲು_ಸೂಜಿ, ಸುಂಕದಕಟ್ಟೆ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಕಂಪನಿಯವರಿಗೆ ಫೋನ್ ಮಾಡಿ ಲೆಕ್ಕ ಸರ್ ಹೇಳಿದ ಪ್ರಶ್ನೆ ಕೇಳಿದೆ. "ಸಿಎಸ್‌ಆರ್‌ನಲ್ಲೇ ತೋರಿಸಬೇಕು ಅಂದುಕೊಂಡಿದ್ದೇವೆ, ವಿಚಾರಿಸಿ ಹೇಳುತ್ತೇವೆ" ಅಂದರು. ನಮ್ಮ ಸಂಘಕ್ಕೆ 12ಎ ಇದೆ, 80ಜಿ ಇಲ್ಲ. ಅದಕ್ಕೆ ಅರ್ಜಿ ಹಾಕುತ್ತೇವೆ. ಅಲ್ಲಿಯವರೆಗೆ ಸ್ಪೈಕ್ಸ್ ಮತ್ತು ಪ್ರಯಾಣವನ್ನು ಅವರೇ ನೇರವಾಗಿ ಕೊಡಲಿ ಅಂತ ಕೇಳುವುದು ನನ್ನ ಯೋಚನೆ.

ಸಭೆಗೆ ಒಂದು ಠರಾವು ಬರೆಯುತ್ತಿದ್ದೇನೆ. ಆಯ್ಕೆಯ ನಿಯಮ ಮೈದಾನದಲ್ಲಿ ಅಂಟಿಸುವುದು, ಸಮಿತಿಯಲ್ಲಿ ಕಂಪನಿಯವರು ಇಲ್ಲ, ಮೂರು ತಿಂಗಳಿಗೊಮ್ಮೆ ಖರ್ಚಿನ ಲೆಕ್ಕ ಪೋಷಕರಿಗೂ ಕಂಪನಿಗೂ ಒಟ್ಟಿಗೆ, ಗಾಯವಾದರೆ ಸ್ಟೈಪೆಂಡ್ ನಿಲ್ಲಿಸುವ ಹಾಗಿಲ್ಲ, ಫೋಟೊಗೆ ಪೋಷಕರ ಸಹಿ. ಅಧ್ಯಕ್ಷರಿಗೆ ಓದಿ ಹೇಳಿದೆ. ಮೊದಲು ಸಿಟ್ಟಾದರು. ನೆಸ್ಲೆ ವಿಷಯ ಹೇಳಿದ ಮೇಲೆ ಸುಮ್ನೆ ಕೇಳಿಸಿಕೊಂಡರು.

ಪಿಟ್_ಟೇಪು ಸರ್, ಒಂದು ಉಳಿದಿದೆ. ಮ್ಯಾನೇಜರ್ ಸಮಿತಿಯಲ್ಲಿ ಇರುವುದಿಲ್ಲ, ಸರಿ. ಆದರೆ ನಮ್ಮ ಸಮಿತಿಯಲ್ಲಿ ಇರುವ ಹೆಚ್ಚಿನವರೂ ಪೋಷಕರೇ. ಹೊರಗಿನವರು ಸಿಗುವುದು ಕಷ್ಟ. ಅದಕ್ಕೆ ಏನು ಮಾಡುವುದು?

ಪಿಟ್_ಟೇಪು

ಮೇಡಂ, ಸಮಿತಿಯಲ್ಲಿರುವ ಯಾರದೇ ಮಗು ಸ್ಟೈಪೆಂಡ್ ಪಟ್ಟಿಗೆ ಅರ್ಜಿ ಹಾಕಿದ್ದರೆ ಅವರು ಆ ವರ್ಷ ಸಮಿತಿಯಲ್ಲಿ ಕೂರಬಾರದು. ಅಕ್ಕ, ಅಣ್ಣನ ಮಕ್ಕಳು, ನಾದಿನಿಯ ಮಕ್ಕಳು ಎಲ್ಲ ಸೇರಿ. ಸಭೆಯ ನಡಾವಳಿ ಪುಸ್ತಕದಲ್ಲಿ ಯಾರು ಯಾಕೆ ಹೊರಗಿದ್ದರು ಅಂತ ಬರೆಯಿರಿ. ಮೂವರು ಸಾಕು: ಒಬ್ಬ ಕೋಚ್, ಕ್ಲಬ್ಬಿನ ಹಳೆಯ ಓಟಗಾರರಲ್ಲಿ ಒಬ್ಬರು, ಪಕ್ಕದ ಶಾಲೆಯ ಪಿಟಿ ಟೀಚರ್ ಒಬ್ಬರು. ಕೋಚ್ ಮಗುವೇ ಓಡುತ್ತಿದ್ದರೆ ಇನ್ನೊಬ್ಬ ಕೋಚ್ ಕೂರಲಿ.

ಈ ನಿಯಮ ನಿಮಗೂ ಅನ್ವಯಿಸುತ್ತೆ. ನಿಮ್ಮ ಮಗಳು 400 ಓಡುತ್ತಾಳೆ ಅಂದಿರಿ.

ನೂಲು_ಸೂಜಿ, ಸುಂಕದಕಟ್ಟೆ

ಗೊತ್ತು ಸರ್. ಅವಳು ಈ ವರ್ಷ ಅರ್ಜಿ ಹಾಕುತ್ತಾಳೆ, ಹಾಗಾಗಿ ನಾನು ಆಯ್ಕೆಯಲ್ಲಿ ಇರುವುದಿಲ್ಲ. ಲೆಕ್ಕ ಮಾತ್ರ ನೋಡಿಕೊಳ್ಳುತ್ತೇನೆ. ಚೆಕ್ಕಿಗೆ ನನ್ನ ಜೊತೆ ಕಾರ್ಯದರ್ಶಿಯ ಸಹಿಯೂ ಬೇಕು ಅಂತ ಸೇರಿಸಿದ್ದೇನೆ. ಕೋಚ್ ಸರ್‌ಗೆ ಠರಾವು ವಾಟ್ಸಾಪ್ ಮಾಡಿದೆ. ಶನಿವಾರ ಬರುತ್ತೇನೆ ಅಂದಿದ್ದಾರೆ.

ಕಾಮಾಕ್ಷಿಪಾಳ್ಯ_ಅಪ್ಪ

ಮೇಡಂ, ಗಾಯದ ಷರತ್ತು ಮತ್ತು ಕಂಪನಿಯೇ ಸ್ಪೈಕ್ಸ್ ಕೊಡಿಸುವ ವಿಷಯ ಓದಿದ ಮೇಲೆ ನನಗೂ ಇದೇ ಸರಿ ಅನ್ನಿಸುತ್ತಿದೆ. ನಮ್ಮ ಕ್ಲಬ್ಬಿಗೆ ಇನ್ನೂ ಯಾರೂ ಬಂದಿಲ್ಲ, ಆದರೆ ಬರುವ ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ಶನಿವಾರ ಪಾಸಾದ ಮೇಲೆ ಠರಾವಿನ ಪ್ರತಿ ಇಲ್ಲಿ ಹಾಕಿ.